ಎಣ್ಣೆ ತೀರಿದರೆ ಹತ್ತುವ ದೀಪ

ಸಂಘದ ಯುಗಾದಿ ಊಟದಲ್ಲಿ ಪಕ್ಕದ ಎಲೆಗೇ ಕೂತ ಸಂಪಾದಕರು, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ, "ಡಾಕ್ಟರೇ, ಈ ಸಂಚಿಕೆಗೆ ನಿಮ್ಮದೊಂದು ಲೇಖನ ಬೇಕೇ ಬೇಕು" ಎಂದರು. ಹಿಂದೆ ಎರಡು ಸಲ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಬರೆದು ಸದಸ್ಯರ ಹೋಳಿಗೆಗೆ ಕಲ್ಲು ಹಾಕಿದ ಪಾಪ ನಮ್ಮ ಮೇಲಿದೆ. ಈ ಸಲ ಕಾಯಿಲೆ ಕಸಾಲೆ ಬೇಡ, ಸ್ಕೂಟರಿನ ವಿಷಯ ಬರೆಯುತ್ತೇವೆ ಎಂದು ಮಾತು ಕೊಟ್ಟೆವು. ಆ ಮಾತು ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ಓದಿದ ಮೇಲೆ ನೀವೇ ಹೇಳಬೇಕು.

ನಾವಿರುವ ನ್ಯೂವೆಗೈನ್, ಉಟ್ರೆಕ್ಟಿನ ದಕ್ಷಿಣಕ್ಕೆ ಅಂಟಿಕೊಂಡ ಊರು. ಯುಟ್ಫಾಸ್, ಫ್ರೇಸ್ವೈಕ್ ಎಂಬ ಎರಡು ಹಳೆಯ ಊರುಗಳನ್ನು 1971ರಲ್ಲಿ ಒಂದು ಮಾಡಿ ಬೆಳೆಸಿದ್ದು. ಉಟ್ರೆಕ್ಟಿಗೆ 1983ರಿಂದ ಟ್ರಾಮ್ ಇದೆ. ಸೈಕಲ್ ದಾರಿಯಂತೂ ಮನೆಯ ಬಾಗಿಲಿನಿಂದಲೇ ಶುರು. ಇಷ್ಟೆಲ್ಲ ಇದ್ದರೂ 2017ರ ಬೇಸಿಗೆಯಲ್ಲಿ, ಹದಿನಾರು ತುಂಬಿ ಲೈಸೆನ್ಸು ಕೈಗೆ ಬಂದದ್ದೇ ತಡ, ನಮ್ಮ ಮಗನಿಗೆ ಸ್ಕೂಟರಿನ ಹುಚ್ಚು ಹತ್ತಿತು. ಅಂಗಡಿಯೊಂದರಲ್ಲಿ ಹಾಲಿನ ಡಬ್ಬ ಜೋಡಿಸಿ ಕೂಡಿಟ್ಟ ಹಣದಲ್ಲಿ ಯಾರೋ ಓಡಿಸಿ ಬಿಟ್ಟ ಟೂ-ಸ್ಟ್ರೋಕ್ ಗಾಡಿಯೊಂದನ್ನು ತಂದ. ಐವತ್ತು ಸಿ.ಸಿ., ಹಳದಿ ನಂಬರ್ ಪ್ಲೇಟು, ಅಂದರೆ ಗಂಟೆಗೆ 45 ಕಿಲೋಮೀಟರಿನದು. ನೀಲಿ ಪ್ಲೇಟಿನದು 25ರದು. ಅದು ಮುದುಕರಿಗೆ ಎಂದು ಅವನ ತೀರ್ಮಾನ.

ಮೂರನೆಯ ದಿನವೇ ಮುಂದಿನ ಫಲಕದಲ್ಲಿ ಎಣ್ಣೆಯ ದೀಪ ಹತ್ತಿತು. ಒಂದು ಲೀಟರ್ ಟೂ-ಸ್ಟ್ರೋಕ್ ಆಯಿಲ್ ತಂದು ಸೀಟಿನ ಕೆಳಗಿನ ಟ್ಯಾಂಕನ್ನು ತುಂಬಿದೆವು. ದೀಪ ಆರಲಿಲ್ಲ. ಒಮ್ಮೆ ಆರುತ್ತದೆ, ರಸ್ತೆಯ ತಿರುವಿನಲ್ಲಿ ಮತ್ತೆ ಮಿನುಗುತ್ತದೆ, ಮನೆಗೆ ಬಂದು ನಿಲ್ಲಿಸಿದರೆ ಧಗಧಗ ಉರಿಯುತ್ತದೆ.

ಆ ಭಾನುವಾರ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನು ಹೇಳಿದೆವು. ಅಮ್ಮನಿಗೆ ಆಗ ಎಪ್ಪತ್ತೆಂಟು. ಅವರು ಬಿದ್ದು ಬಿದ್ದು ನಕ್ಕರು. "ಎಣ್ಣೆ ಮುಗಿದರೆ ದೀಪ ಶಾಂತವಾಗಬೇಕು ಕಣೋ. ಅದೇನು ನಿಮ್ಮೂರಿನಲ್ಲಿ ಎಣ್ಣೆ ಮುಗಿದರೆ ದೀಪ ಹತ್ತುತ್ತದೆ?" ನಮಗೆ ಉತ್ತರ ಹೊಳೆಯಲಿಲ್ಲ. ಫೋನ್ ಇಡುವ ಮುಂಚೆ ಅಮ್ಮ, "ಯಾಕೋ ನಿನ್ನೆಯೂ ತಲೆ ಸುತ್ತು ಬಂತಪ್ಪ" ಎಂದರು. "ನೀರು ಕುಡಿಯಿರಿ ಅಮ್ಮ, ದಿಢೀರ್ ಎಂದು ಏಳಬೇಡಿ" ಎಂದೆವು. ಪ್ರತಿ ವಾರವೂ ನಾವು ಹೇಳುವುದು ಅಷ್ಟೇ ಆಗಿತ್ತು.

ನಮ್ಮ ತಂದೆಯವರ ಬಜಾಜ್ ಚೇತಕ್ಕಿನಲ್ಲಿ ಇಂಥ ದೀಪವೇ ಇರಲಿಲ್ಲ. ಹಳಬರಿಗೆ ನೆನಪಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ 20 ಮಿಲಿಲೀಟರಿನಂತೆ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಿಸಬೇಕು. ಬಂಕಿನ ಹುಡುಗ ಹಾಕಿದನೋ ಇಲ್ಲವೋ ಎಂದು ತಂದೆಯವರು ಸೀಟಿನಿಂದ ಇಳಿದು ನಿಂತು ನೋಡುತ್ತಿದ್ದರು. ಅವರ ಪಾಲಿಗೆ ಎಚ್ಚರಿಕೆಯ ದೀಪವೆಂದರೆ ಅವರ ಕಣ್ಣು ಮತ್ತು ಕಿವಿ. ನಾವು ಮೆಡಿಕಲ್ ಕಾಲೇಜಿಗೆ ಆ ಗಾಡಿ ಕೇಳಿದಾಗಲೆಲ್ಲ ಕೀಲಿಗಿಂತ ಮೊದಲು ಬರುತ್ತಿದ್ದ ಪ್ರಶ್ನೆ, "ಆಯಿಲ್ ಹಾಕಿಸಿದ್ಯಾ?" ಆಮೇಲೆ ಕೈನೆಟಿಕ್ ಹೋಂಡಾದಂಥ ಗಾಡಿಗಳು ಬಂದು ಎಣ್ಣೆಗೇ ಬೇರೆ ಟ್ಯಾಂಕು, ಅದನ್ನು ಎಂಜಿನ್ನಿಗೆ ಉಣಿಸಲು ಪುಟ್ಟ ಪಂಪು ಎಂದಾಯಿತು. ಬೆರೆಸುವ ಕೆಲಸ ತಪ್ಪಿತು. ಅದರ ಜೊತೆಗೆ ನೋಡುವ ಅಭ್ಯಾಸವೂ ತಪ್ಪಿತು.

ಮಗ ಗಾಡಿಯನ್ನು ಒಬ್ಬ ರಿಪೇರಿಯವನ ಹತ್ತಿರ ತೋರಿಸಿದ. ಆತ ಟ್ಯಾಂಕು ನೋಡಿ, "ಎಣ್ಣೆ ತುಂಬಿದೆ, ದೀಪ ಸುಳ್ಳು ಹೇಳುತ್ತಿದೆ" ಎಂದು ಬಲ್ಬನ್ನೇ ಕಿತ್ತು ಕೈಗೆ ಕೊಟ್ಟು ಕಳಿಸಿದ. ಹಣವನ್ನೂ ತೆಗೆದುಕೊಳ್ಳಲಿಲ್ಲ. ನಾವೂ ಖುಷಿಪಟ್ಟೆವು. "ಭಾನುವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡು" ಎಂದು ಮಗನಿಗೆ ಹೇಳಿದೆವು. ಅವನು ಮೂರು ಭಾನುವಾರ ನೋಡಿದ. ನಾಲ್ಕನೆಯದಕ್ಕೆ ಅವನೂ ಮರೆತ, ನಾವೂ ಮರೆತೆವು.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹೊರದೇಶದಲ್ಲಿ ರೆಸಿಡೆನ್ಸಿ ಮಾಡಿದ ನಮಗೆ ಸುಳ್ಳು ಎಚ್ಚರಿಕೆ ಹೊಸ ವಿಷಯವಲ್ಲ. ತೀವ್ರ ನಿಗಾ ಘಟಕದಲ್ಲಿ ರಾತ್ರಿಯಿಡೀ ಏನಾದರೊಂದು ಯಂತ್ರ ಕೂಗುತ್ತಿರುತ್ತದೆ. ರೋಗಿ ಮಗ್ಗುಲು ಬದಲಿಸಿದರೆ ಕೂಗು, ಬೆರಳಿನ ಕ್ಲಿಪ್ಪು ಜಾರಿದರೆ ಕೂಗು. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಇಂಥ ಕೂಗುಗಳಲ್ಲಿ ನೂರಕ್ಕೆ 85ರಿಂದ 99ರಷ್ಟಕ್ಕೆ ಏನೂ ಚಿಕಿತ್ಸೆ ಬೇಕಿರುವುದಿಲ್ಲ. ಆದರೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ಅವರಿಗೆ ವರದಿಯಾದ ಅಲಾರಮ್ ಸಂಬಂಧದ 98 ಅವಘಡಗಳಲ್ಲಿ 80 ಸಾವಿನಲ್ಲಿ ಮುಗಿದಿದ್ದವು. ಕೂಗಿ ಕೂಗಿ ಕಿವಿ ಮರಗಟ್ಟಿದ ಮೇಲೆ ನಿಜವಾದ ಕೂಗೂ ಕೇಳಿಸುವುದಿಲ್ಲ. ನಮ್ಮ ಕಡೆಯ 'ಹುಲಿ ಬಂತು ಹುಲಿ' ಕಥೆಯೇ ಇದು. ಇದನ್ನು ಕಿರಿಯ ವೈದ್ಯರಿಗೆ ಪಾಠ ಹೇಳುವ ನಾವು ಮಗನ ಗಾಡಿಯ ಬಲ್ಬನ್ನು ಮೇಜಿನ ಡ್ರಾಯರಿಗೆ ಹಾಕಿ ಸುಮ್ಮನಾದೆವು. ದೀಪದ ಬುಡ ಕತ್ತಲೆ ಎನ್ನುವುದು ಇದಕ್ಕೇ.

ಟ್ಯಾಂಕು ಹಿಡಿಯುವುದು ಒಂದೂಕಾಲು ಲೀಟರ್. ಸಾವಿರ ಕಿಲೋಮೀಟರಿನ ಆಸುಪಾಸಿಗೆ ಅದು ಬರಿದಾಗುತ್ತದೆ. ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಓಡುವ ಗಾಡಿಗೆ ನಲವತ್ತು ದಿನದ ಮಾತು. ನವೆಂಬರಿನ ಒಂದು ಶುಕ್ರವಾರ ಸಂಜೆ, ಜಿಟಿಜಿಟಿ ಮಳೆಯಲ್ಲಿ, ಫ್ರೇಸ್ವೈಕಿನಾಚೆ ಲೆಕ್ ನದಿಯ ಏರಿಯ ಮೇಲೆ ಎಂಜಿನ್ ಹಿಡಿದುಕೊಂಡಿತು. ಎಣ್ಣೆಯಿಲ್ಲದೆ ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುವುದಕ್ಕೆ ನಮ್ಮೂರಿನಲ್ಲಿ 'ಸೀಜ್ ಆಯ್ತು' ಎನ್ನುತ್ತಾರೆ. ಗೇರಿನ ಚೇತಕ್ ಆಗಿದ್ದರೆ, ಥಟ್ಟನೆ ಕ್ಲಚ್ ಹಿಡಿಯದಿದ್ದರೆ, ಹಿಂದಿನ ಚಕ್ರವೇ ನಿಂತುಬಿಡುತ್ತಿತ್ತು. ಇದು ಗೇರಿಲ್ಲದ ಗಾಡಿ. ಒಮ್ಮೆ ಹಿಂದಕ್ಕೆ ಜಗ್ಗಿದಂತಾಗಿ, ಕ್ಲಚ್ ತಾನೇ ಬಿಟ್ಟುಕೊಂಡು, ಸದ್ದಿಲ್ಲದೆ ಉರುಳಿತು. ಹಿಂದೆ ಬರುತ್ತಿದ್ದ ಕಾರು ಕಿರ್ರೆಂದು ಬ್ರೇಕ್ ಹಾಕಿ ಪಕ್ಕಕ್ಕೆ ಹೊರಳಿತಂತೆ. ಅದು ಒಂದು ಮಾರಿನ ಅಂತರ ಎಂದು ಮಗ ಹೇಳಿದ್ದು ಅಂದಲ್ಲ, ಒಂದು ವಾರದ ನಂತರ ಅವನ ತಾಯಿಗೆ. ಆ ರಾತ್ರಿ ಅವನು ಒಂದೂವರೆ ಗಂಟೆ ಗಾಡಿ ತಳ್ಳಿಕೊಂಡು ಬಂದು, ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತು, "ಅಪ್ಪ, ಆ ದೀಪ ಈಗ ಇದ್ದಿದ್ದರೆ ನಿಜ ಹೇಳುತ್ತಿತ್ತು" ಎಂದ.

ಹೊಸ ಪಿಸ್ಟನ್ನು, ಸಿಲಿಂಡರು ಹಾಕಿಸಿದ ಮೇಲೆ ಒಂದು ಶನಿವಾರ ಅಪ್ಪ ಮಗ ಶೆಡ್ಡಿನಲ್ಲಿ ಮೀಟರ್ ಹಿಡಿದು ಕೂತೆವು. ಬೇರೆಯವರಿಗೂ ಉಪಯೋಗವಾದೀತೆಂದು ಕ್ರಮವಾಗಿ ಹೇಳುತ್ತೇವೆ. ಎಲ್ಲ ಗಾಡಿಗಳ ವೈರಿಂಗ್ ಒಂದೇ ಅಲ್ಲ, ನಿಮ್ಮ ಗಾಡಿಯ ಪುಸ್ತಕವನ್ನೂ ನೋಡಿಕೊಳ್ಳಿ.

ಎಣ್ಣೆ ಟ್ಯಾಂಕಿನೊಳಗೆ ಒಂದು ತೇಲುವ ಬುರುಡೆ ಇರುತ್ತದೆ, ಅದರಲ್ಲಿ ಪುಟ್ಟ ಅಯಸ್ಕಾಂತ. ಎಣ್ಣೆ ಇಳಿದರೆ ಬುರುಡೆಯೂ ಇಳಿದು, ಕಡ್ಡಿಯೊಳಗಿನ ಸ್ವಿಚ್ಚು ಕೂಡಿಕೊಂಡು ದೀಪ ಹತ್ತುತ್ತದೆ. ಮೊದಲು ಬಲ್ಬನ್ನು ವಾಪಸು ಹಾಕಿ, ಟ್ಯಾಂಕಿನ ಹತ್ತಿರದ ಪ್ಲಗ್ಗನ್ನು ಬಿಡಿಸಬೇಕು. ದೀಪ ಆರಿದರೆ ತಪ್ಪು ಬುರುಡೆಯದು. ಜಿಡ್ಡು ಹಿಡಿದು ಸಿಕ್ಕಿಕೊಂಡಿರಬಹುದು, ಇಲ್ಲವೇ ಎಣ್ಣೆ ಹೀರಿ ಮುಳುಗಿರಬಹುದು. ಅದನ್ನು ಹೊರತೆಗೆದು ಒರೆಸಿ, ಕೈಯಲ್ಲಿ ಮೇಲೆ ಕೆಳಗೆ ಮಾಡಿದರೆ ಗೊತ್ತಾಗುತ್ತದೆ. ಪ್ಲಗ್ ಬಿಡಿಸಿದರೂ ದೀಪ ಉರಿಯುತ್ತಿದ್ದರೆ ಬುರುಡೆ ನಿರಪರಾಧಿ. ನಡುವಿನ ತಂತಿ ಎಲ್ಲೋ ಗಾಡಿಯ ಮೈಗೆ ತಗಲುತ್ತಿದೆ. ಏರು ಹತ್ತುವಾಗ, ಬ್ರೇಕ್ ಹಾಕಿದಾಗ ಮಾತ್ರ ಒಮ್ಮೆ ಮಿನುಗಿದರೆ ಅದು ಸುಳ್ಳಲ್ಲ. ಎಣ್ಣೆ ಗುರುತಿನ ಹತ್ತಿರಕ್ಕೆ ಬಂದಿದೆ ಎಂದು ತುಸು ಮೊದಲೇ ಹೇಳುತ್ತಿದೆ. ಇನ್ನೊಂದು ಮಾತು: ಇದೆಲ್ಲ ಟೂ-ಸ್ಟ್ರೋಕ್ ಗಾಡಿಯ ಎಣ್ಣೆಮಟ್ಟದ ದೀಪಕ್ಕೆ. ಕಾರಿನಲ್ಲಿ ಕೆಂಪು ಎಣ್ಣೆಗಿಂಡಿಯ ಚಿತ್ರ ಹತ್ತಿದರೆ ಅದು ಸಾಮಾನ್ಯವಾಗಿ ಎಣ್ಣೆಯ ಒತ್ತಡದ ದೀಪ. ಅಲ್ಲಿ ಸುಳ್ಳೋ ನಿಜವೋ ಎಂದು ಯೋಚಿಸುತ್ತ ಓಡಿಸಬಾರದು. ಸುರಕ್ಷಿತವಾದ ಕಡೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ನಮ್ಮ ಗಾಡಿಯಲ್ಲಿ ಪ್ಲಗ್ ಬಿಡಿಸಿದರೂ ದೀಪ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ಮೀಟರ್ ಹಿಡಿದರೆ ಎಲ್ಲ ಸರಿಯಾಗಿದೆ ಎನ್ನುತ್ತದೆ. ಒಂದು ಗಂಟೆ ಒದ್ದಾಡಿದ ಮೇಲೆ ಮಗ ಸುಮ್ಮನೆ ಹ್ಯಾಂಡಲ್ ತಿರುಗಿಸಿದ. ಎಡಕ್ಕೆ ತಿರುಗಿಸಿದರೆ ದೀಪ ಹತ್ತಿತು, ಬಲಕ್ಕೆ ತಿರುಗಿಸಿದರೆ ಆರಿತು. ಹ್ಯಾಂಡಲಿನ ಕುತ್ತಿಗೆಯ ಹಿಂದೆ ಒಂದು ತಂತಿಯ ಸಿಪ್ಪೆ ಉಜ್ಜಿ ಉಜ್ಜಿ ಸವೆದು, ಅಕ್ಕಿಕಾಳಿನಷ್ಟು ತಾಮ್ರ ಹೊರಗೆ ಕಾಣುತ್ತಿತ್ತು. ಮನೆಯ ಮುಂದೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಬೀಗ ಹಾಕುತ್ತಿದ್ದೆವಲ್ಲ, ಅದಕ್ಕೇ ಅಲ್ಲಿ ಧಗಧಗ ಉರಿಯುತ್ತಿದ್ದದ್ದು! ಎಣ್ಣೆಯ ಮಟ್ಟಿಗೆ ದೀಪ ಹೇಳಿದ್ದು ಸುಳ್ಳು, ತಂತಿಯ ಮಟ್ಟಿಗೆ ಅಪ್ಪಟ ನಿಜ. ನಾವು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಬೆಸುಗೆ ಹಾಕುತ್ತಿದ್ದಾಗ ನಮ್ಮ ಕೈ ಅಲ್ಲೇ ನಿಂತಿತು. ಒಮ್ಮೆ ಹತ್ತುವುದು, ಒಮ್ಮೆ ಆರುವುದು. ಪರೀಕ್ಷೆ ಮಾಡಿದ ಹೊತ್ತಿಗೆ ಎಲ್ಲ ಸರಿ. ಅಮ್ಮನ ತಲೆ ಸುತ್ತೂ ಹಾಗೆಯೇ ಅಲ್ಲವೇ? ಐದು ತಿಂಗಳಿಂದ ಹೇಳುತ್ತಿದ್ದಾರೆ. ಎರಡು ಸಲ ಇ.ಸಿ.ಜಿ. ಆಗಿದೆ, ಎರಡೂ ಸಲ ನಾರ್ಮಲ್. "ಅಣ್ಣ, ಅಮ್ಮಂದು ಗೊತ್ತಲ್ಲ, ನೀನು ಫೋನ್ ಮಾಡಿದಾಗಲೇ ಜಾಸ್ತಿ" ಎಂದು ತಮ್ಮ ಹೇಳಿದ್ದ. ನಾವೂ ಹ್ಞೂಂಗುಟ್ಟಿದ್ದೆವು. ಇ.ಸಿ.ಜಿ. ಎಂದರೆ ಹೃದಯದ ಹತ್ತು ಸೆಕೆಂಡಿನ ಚಿತ್ರ. ದಿನಕ್ಕೆ ಅಂಥ 8,640 ಹತ್ತು ಸೆಕೆಂಡುಗಳಿವೆ. ಒಂದರಲ್ಲಿ ಸರಿ ಕಂಡರೆ ಉಳಿದವೂ ಸರಿ ಎಂದು ನಾವು ಯಾವ ರೋಗಿಗೂ ಹೇಳುವುದಿಲ್ಲ, ತಾಯಿಗೆ ಮಾತ್ರ ಹೇಳಿದ್ದೆವು.

ಅಂದೇ ತಮ್ಮನಿಗೆ ಫೋನ್ ಮಾಡಿ 24 ಗಂಟೆಯ ಹೋಲ್ಟರ್ ಹಾಕಿಸಲು ಹೇಳಿದೆವು. ಬೆಳಗಿನ ಜಾವ ಅಮ್ಮ ದೇವರ ಮನೆಯಲ್ಲಿದ್ದಾಗ ಹೃದಯ ಐದು ಸೆಕೆಂಡು ಬಡಿಯದೆ ನಿಂತದ್ದು ಅದರಲ್ಲಿ ಸಿಕ್ಕಿತು. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸಂದೇಶ ನಡುನಡುವೆ ಕಡಿದುಹೋಗುತ್ತಿತ್ತು. ಹ್ಯಾಂಡಲಿನ ತಂತಿಯದೇ ಜಾತಿ. ಅದೇ ವಾರ ಪೇಸ್‌ಮೇಕರ್ ಹಾಕಿದರು. ಅಡ್ಮಿಟ್ ಮಾಡಿಸುವಾಗ ಮೊಣಕೈಯ ಹತ್ತಿರ ಒಂದು ಹಳೆಯ ಕಂದಿದ ಗಾಯ ಕಂಡಿತಂತೆ. ದಸರೆಯ ಹೊತ್ತಿಗೆ ತುಳಸಿ ಕಟ್ಟೆಯ ಬಳಿ ಬಿದ್ದಿದ್ದರು. ಯಾಕಮ್ಮ ಹೇಳಲಿಲ್ಲ ಎಂದರೆ, "ಹೇಳಿದರೆ ನೀರು ಕುಡಿ ಅಂತೀಯ" ಎಂದರು.

ಈ ಇ.ಸಿ.ಜಿ. ಬೆಳೆದದ್ದು ನಾವಿರುವ ದೇಶದಲ್ಲೇ, ಲೈಡನ್ನಿನಲ್ಲಿ. ಅದನ್ನು ರೂಪಿಸಿದ ವಿಲ್ಲೆಮ್ ಐಂತ್‌ಹೋವೆನ್‌ಗೆ ನೊಬೆಲ್ ಬಂದದ್ದು 1924ರಲ್ಲಿ, ನಾವು ಓದಿದ ಮೈಸೂರು ಮೆಡಿಕಲ್ ಕಾಲೇಜು ಆರಂಭವಾದ ವರ್ಷವೇ. ಆತ 1905ರಲ್ಲಿ, ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೇಲೆ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡು ದಾಖಲಿಸಿದ್ದ. ನಮ್ಮ ಫೋನಿನಲ್ಲಿ ಅಮ್ಮನ ಮಾತು ಸ್ಪಷ್ಟವಾಗಿ ಕೇಳುತ್ತಿದ್ದರೂ ನಾವು ಕೇಳಿಸಿಕೊಂಡಿರಲಿಲ್ಲ.

ಅಮ್ಮ ಪೇಸ್‌ಮೇಕರ್ ಹಾಕಿಸಿಕೊಂಡು ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಅವರೇ ಕೇಳಿದರು, "ನಿನ್ನ ಮಗನ ಎಣ್ಣೆ ದೀಪ ಸರಿಹೋಯ್ತೇನೋ?" ಸರಿಹೋಯಿತು, ಈಗ ನಿಜವಾಗಿ ಎಣ್ಣೆ ಇಳಿದಾಗ ಮಾತ್ರ ಹತ್ತುತ್ತದೆ ಎಂದೆವು. "ಸದ್ಯ, ನನ್ನದೂ ಸರಿಹೋಯ್ತು" ಎಂದು ನಕ್ಕರು. ಅಂದಿನಿಂದ ನಾವು ಫೋನಿನಲ್ಲಿ ಉಪದೇಶ ಕಡಿಮೆ ಮಾಡಿ ಪ್ರಶ್ನೆ ಜಾಸ್ತಿ ಮಾಡಿದ್ದೇವೆ: ಯಾವಾಗ ಬಂತು, ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು ಇತ್ತು.

ಸದಸ್ಯರ ಮಕ್ಕಳಲ್ಲಿ ಯಾರದಾದರೂ ಹಳೆಯ ಸ್ಕೂಟರಿನಲ್ಲಿ ಇಂಥ ದೀಪ ಉರಿಯುತ್ತಿದ್ದರೆ ದಯವಿಟ್ಟು ಬಲ್ಬು ಕೀಳಬೇಡಿ, ಮೇಲೆ ಟೇಪು ಅಂಟಿಸಬೇಡಿ. ಮೀಟರ್ ಹಿಡಿದು ಅಪ್ಪ ಮಗ ಇಬ್ಬರೂ ಬರುತ್ತೇವೆ. ಫೀಸು ಇಲ್ಲ, ಫಿಲ್ಟರ್ ಕಾಫಿ ಸಾಕು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಹಿರಿಯರು ಹೇಳಿದ್ದನ್ನೇ ಮತ್ತೆ ಹೇಳಿದರೆ ಇನ್ನೆರಡು ನಿಮಿಷ ಕೇಳಿಸಿಕೊಳ್ಳಿ.

— ಸಂಘದ ಸದಸ್ಯ ವೈದ್ಯರೊಬ್ಬರು, ನ್ಯೂವೆಗೈನ್