ಮಹಡಿ ಮೇಲಿನ ರೂಮು

ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಕಡೆಯ ಅಡ್ಡರಸ್ತೆಗಳಲ್ಲಿ ಸಂಜೆ ಹೊತ್ತು ನಡೆದು ಹೋದರೆ ಕರ್ನಾಟಕದ ಎಲ್ಲ ಸೀಮೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಕೋಚಿಂಗ್ ಸೆಂಟರುಗಳು ಅಲ್ಲಿ ಸಾಲಾಗಿವೆ. ಕೆಪಿಎಸ್‌ಸಿ, ಪಿಎಸ್‌ಐ, ಐಎಎಸ್ ಎಂದು ಊರು ಬಿಟ್ಟು ಬಂದ ಮಕ್ಕಳಿಗೂ ಲೆಕ್ಕವಿಲ್ಲ. ಟೀ ಅಂಗಡಿ ಮುಂದೆ ಅವರು ಕೇಳಿಕೊಳ್ಳುವ ಮೊದಲ ಪ್ರಶ್ನೆ ಸಿಲಬಸ್ಸಿನದಲ್ಲ. ‘ರೂಮ್ ಸಿಕ್ತೇನೋ?’ ‘ಇಲ್ಲಪಾ, ದೋಸ್ತನ ರೂಮ್ನ್ಯಾಗ ಅದೀನಿ.’ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಓದಬೇಕೆಂದು ಬಂದವರ ಮೊದಲ ತಿಂಗಳೇ ಮಲಗುವ ಜಾಗ ಹುಡುಕುವುದರಲ್ಲಿ ಕಳೆದುಹೋಗುತ್ತದೆ.

ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡು ನೋಡಿಕೊಂಡು ಬೀದಿ ಬೀದಿ ಸುತ್ತುವುದು ಹಳೆಯ ಕ್ರಮ. ಈಗ ಮೊಬೈಲಿನಲ್ಲೂ ಹುಡುಕಬಹುದು, ಆದರೆ ಕೊನೆಗೆ ಮನೆ ಓನರ್ ಮುಂದೆ ನಿಲ್ಲಲೇಬೇಕು. ನಮ್ಮ ಕಡೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಸೇರಿದಾಗ ಅವಳ ಜೊತೆ ನಾನೂ ಮನೆ ನೋಡಲು ಹೋಗಿದ್ದೆ. ಮೂರನೇ ಮಹಡಿಯಲ್ಲಿ ಒಂದು ರೂಮು, ಪುಟ್ಟ ಅಡುಗೆಮನೆ, ಹೊರಗೆ ಬಟ್ಟೆ ಒಣಗಿಸಲು ಜಾಗ. ಅವಳಿಗೆ ಬಹಳ ಹಿಡಿಸಿತು.

‘ಎಷ್ಟು ಜನ ಇರ್ತೀರಮ್ಮ?’

‘ಮೂರು ಜನ ಆಂಟಿ. ಎಲ್ಲ ಒಂದೇ ಕ್ಲಾಸು.’

‘ರಾತ್ರಿ ಹತ್ತಕ್ಕೆ ಗೇಟ್ ಹಾಕ್ತೀವಿ. ನೀರು ನೋಡ್ಕೊಂಡು ಖರ್ಚು ಮಾಡ್ಬೇಕು. ನೀವು ಯಾವ ಜನ?’

ಹುಡುಗಿ ತಡವರಿಸದೆ ಹೇಳಿದಳು. ‘ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ’ ಎಂದರು ಆ ತಾಯಿ. ಫೋನ್ ಬರಲಿಲ್ಲ. ನಾಳೆ ವಿಜ್ಞಾನಿಯಾಗಬಹುದಾದ ಹುಡುಗಿಯನ್ನು ಗೇಟಿನಾಚೆಯೇ ನಿಲ್ಲಿಸುವ ಈ ಪ್ರಶ್ನೆ ಬಾಡಿಗೆಗಿಂತ ದುಬಾರಿಯಾದದ್ದು ಎಂದು ನನ್ನ ನಂಬಿಕೆ.

ಬಾಡಿಗೆಯೇನೂ ಕಡಿಮೆಯದಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ವಾಡಿಕೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡವೆನ್ನುತ್ತದೆ. ಅಡ್ವಾನ್ಸ್ ಅಲ್ಲದೆ ಬ್ರೋಕರಿಗೂ ಒಂದು ತಿಂಗಳ ಬಾಡಿಗೆ ಕೊಡಬೇಕು. ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಕರಾರು ಮಾತ್ರ ಯಾವಾಗಲೂ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದೇ ಇದಕ್ಕೆ ಕಾರಣ. ಓದುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಕರಾರು ಪತ್ರವನ್ನು ಪೂರ್ತಿ ಓದಿ, ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಅದರಲ್ಲೇ ಬರೆಸಿ, ಮನೆಗೆ ಸೇರುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟು ದುಡ್ಡು ಒಟ್ಟಿಗೆ ಹೊಂದಿಸಲಾಗದವರು ಪಿಜಿಗೆ ಹೋಗುತ್ತಾರೆ. ತ್ರೀ ಶೇರಿಂಗ್, ಫೋರ್ ಶೇರಿಂಗ್. ಮಂಚಕ್ಕೂ ಮಂಚಕ್ಕೂ ನಡುವೆ ಒಂದು ಚೀಲ ಇಡುವಷ್ಟು ಜಾಗ. ಪಾಲಿಕೆ 2024ರಲ್ಲಿ ಪಿಜಿಗಳಿಗೆ ನಿಯಮ ಮಾಡಿತು: ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತೆಯ ಲೈಸೆನ್ಸು. ಹತ್ತಡಿಗೆ ಹತ್ತಡಿಯ ರೂಮಿನಲ್ಲಿ ಈ ಲೆಕ್ಕಕ್ಕೆ ಒಬ್ಬರೇ ಇರಬೇಕು. ಅಂಥ ರೂಮಿನಲ್ಲಿ ಮೂರು ಮಂಚ ಹಾಕಿದ್ದನ್ನು ನಾನೇ ನೋಡಿದ್ದೇನೆ. ಇನ್ನೊಂದು ವಿಷಯ ತಂದೆತಾಯಿಗಳಿಗೆ ಗೊತ್ತಿರಲಿ: ತಿಂಗಳಿಗೆ 20,000 ರೂಪಾಯಿ ಒಳಗಿನ ಹಾಸ್ಟೆಲ್ ಬಾಡಿಗೆಗೆ, ಸತತ 90 ದಿನವಾದರೂ ಅಲ್ಲಿದ್ದರೆ, ಜಿಎಸ್‌ಟಿ ಇಲ್ಲವೆಂದು 2024ರಲ್ಲೇ ಜಿಎಸ್‌ಟಿ ಮಂಡಳಿ ತೀರ್ಮಾನಿಸಿದೆ.

ಪರವೂರಿಗೆ ಓದಲು ಬಂದ ಹುಡುಗನಿಗೆ ನೆಲೆ ಕೊಡುವುದನ್ನು ನಮ್ಮ ಹಿಂದಿನವರು ಪುಣ್ಯದ ಕೆಲಸ ಎಂದುಕೊಂಡಿದ್ದರು. ವಾರಾನ್ನದ ಕಾಲ ನೆನಪಿಸಿಕೊಳ್ಳಿ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಏಳು ಮನೆಯ ಅನ್ನ ಉಂಡು ಓದಿ ದೊಡ್ಡವರಾದವರು ಎಷ್ಟೋ ಮಂದಿ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಅವರು ನಡೆಸಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದಲು ಬಂದ ವೀರಾಪುರದ ಶಿವಣ್ಣ ಉಳಿದದ್ದು ತೋಟದಪ್ಪನವರ ನಿಲಯದಲ್ಲೇ. ಆ ಶಿವಣ್ಣನವರೇ ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯಾಗಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಒಬ್ಬ ವಿದ್ಯಾರ್ಥಿಗೆ ಸಿಕ್ಕ ಒಂದು ಜಾಗ ಎಷ್ಟು ದೂರ ಹರಡಿತು ನೋಡಿ! ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರನ್ನು ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದುಕೊಂಡರು. ಅಧ್ಯಾಪಕರಾದ ಮೇಲೂ ಕುವೆಂಪು ಅಲ್ಲೇ ಇದ್ದರು.

ಆ ಕಾಲವನ್ನು ನಾನು ಪೂರ್ತಿ ಹೊಗಳಲಾರೆ. ವಾರಾನ್ನದ ಮನೆಗಳ ಬಾಗಿಲು ಬಹುಮಟ್ಟಿಗೆ ತಂತಮ್ಮ ಜಾತಿಯವರಿಗಷ್ಟೇ ತೆರೆದಿತ್ತು, ಅದೂ ಗಂಡುಹುಡುಗರಿಗೆ. ಆ ಬಾಗಿಲುಗಳ ಹೊರಗೇ ಉಳಿದ ದಲಿತ ಮಕ್ಕಳಿಗಾಗಿ ಗೋಪಾಲಸ್ವಾಮಿ ಅಯ್ಯರ್ ದುಡಿದರು. ಅವರ ಹೆಸರಿನ ಹಾಸ್ಟೆಲ್ಲು, ಅಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರಿಗೆಲ್ಲ ಪರಿಚಿತ. ಕನ್ನಡಕ್ಕೆ ಅಂಥ ಕವಿ ದಕ್ಕಿದ್ದರಲ್ಲಿ ಆ ಹಾಸ್ಟೆಲ್ಲಿನದೂ ಪಾಲಿದೆ.

ಈಗ ಸರ್ಕಾರದ ಹಾಸ್ಟೆಲುಗಳು ಜಿಲ್ಲೆ ಜಿಲ್ಲೆಯಲ್ಲೂ ಇವೆ, ಬಡವರ ಮಕ್ಕಳು ಅವುಗಳಿಂದಲೇ ಓದುತ್ತಿದ್ದಾರೆ. ಆದರೆ ಸೀಟುಗಳು ಸಾಲುತ್ತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ವಿದ್ಯಾಸಿರಿ ಯೋಜನೆ ಬಂದಾಗ ಅದರ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಸಣ್ಣ ಊರಿಗೆ ಅದು ಆಸರೆ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಪಿಜಿಯ ಮಂಚ ಸಿಗುವುದಿಲ್ಲ. ಕಾಲೇಜಿಗೆ ಹೊಸ ಕೋರ್ಸು ಕೊಡುವಾಗ ಲ್ಯಾಬ್ ಇದೆಯೇ, ಲೈಬ್ರರಿ ಇದೆಯೇ ಎಂದು ಪರಿಶೀಲಿಸುತ್ತಾರೆ. ಪರವೂರಿನ ಮಕ್ಕಳು ಎಲ್ಲಿ ಮಲಗುತ್ತಾರೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ತೀರಾ ಅಗತ್ಯ. ರೂಮು ಸಿಗಲಿಲ್ಲವೆಂದರೆ ಗಂಡುಹುಡುಗ ಗೆಳೆಯನ ಜೊತೆ ಹೇಗೋ ದಿನ ದೂಡುತ್ತಾನೆ. ಹುಡುಗಿಯನ್ನು ಅಪ್ಪ ಊರಿಗೆ ವಾಪಸು ಕರೆದುಕೊಂಡು ಹೋಗುತ್ತಾನೆ, ವರ್ಷದೊಳಗೆ ಮದುವೆ ಗೊತ್ತಾಗುತ್ತದೆ.

ಸರ್ಕಾರ ಹಾಸ್ಟೆಲ್ ಕಟ್ಟುವವರೆಗೂ ಈ ಮಕ್ಕಳ ವರುಷ ಕಾಯುವುದಿಲ್ಲ. ನಿಮ್ಮ ಮಹಡಿ ಮೇಲೆ ರೂಮು ಖಾಲಿ ಇದ್ದರೆ ದಯವಿಟ್ಟು ಬೋರ್ಡಿನ ಮೇಲೆ ‘ವಿದ್ಯಾರ್ಥಿಗಳಿಗೆ ಕೊಡುತ್ತೇವೆ’ ಎಂದು ಬರೆಸಿ. ಬಂದವರ ಹೆಸರು ಕೇಳಿ, ಕಾಲೇಜಿನ ಐಡಿ ಕಾರ್ಡ್ ನೋಡಿ, ಊರಿನಲ್ಲಿರುವ ಅಪ್ಪ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿ. ಜಾತಿ ಕೇಳಬೇಡಿ.