ಮೇಲೆ ದೇವರು, ಆಮೇಲೆ ನೀವು

ಹೋದ ತಿಂಗಳು ಅಣ್ಣನ ಆಪರೇಷನ್ ಇತ್ತು. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ಡಾಕ್ಟರು ಹೊರಗೆ ಬಂದ ಕೂಡಲೇ ಎದ್ದು ಎರಡೂ ಕೈ ಜೋಡಿಸಿ, "ಮೇಲೆ ದೇವರು, ಕೆಳಗೆ ನೀವು. ಇನ್ಯಾರೂ ಇಲ್ಲ ಸಾರ್ ನಮಗೆ" ಅಂದಳು. ನಮ್ಮಲ್ಲಿ ಇದು ಎಲ್ಲರ ಬಾಯಲ್ಲೂ ಇರುವ ಮಾತು. ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕೆಲಸ ಕೊಡಿಸುತ್ತೇನೆ ಅಂದವರ ಮನೆ ಬಾಗಿಲಲ್ಲಿ ದಿನಾ ಕೇಳುತ್ತೇವೆ. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಅಷ್ಟರಲ್ಲಿ ನನ್ನ ತಂದೆ, ಅಬ್ಬಾ, ನೆನಪಾದರು. "ಕೆಳಗೆ ನೀವು ಅನ್ನಬೇಡಪ್ಪಾ. ಆಮೇಲೆ ನೀವು ಅನ್ನು" ಅಂತ ಅವರು ನನ್ನನ್ನು ಎಷ್ಟು ಸಲ ತಿದ್ದಿದ್ದರೋ ಲೆಕ್ಕವಿಲ್ಲ.

ಚಿಕ್ಕವನಿದ್ದಾಗ, ಒಂದು ಪದಕ್ಕೆ ಇಷ್ಟೊಂದು ಯಾಕೆ ಅನ್ನಿಸುತ್ತಿತ್ತು. ಹದೀಸಿನ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಯ, ಒಂದು ಪ್ರಸಂಗ ಗೊತ್ತಾದದ್ದು ಆಮೇಲೆ. ಒಬ್ಬಾತ ಪ್ರವಾದಿಯವರ ಹತ್ತಿರ ಬಂದು, ಅಲ್ಲಾಹನೂ ನೀವೂ ಇಚ್ಛಿಸಿದಂತೆ ಆಗಲಿ ಎಂದನಂತೆ. ಭಕ್ತಿಯಿಂದಲೇ ಆಡಿದ ಮಾತು. ಪ್ರವಾದಿಯವರು ಅಲ್ಲೇ ತಡೆದು, ನನ್ನನ್ನು ಅವನಿಗೆ ಸರಿಸಮ ಮಾಡಿಬಿಟ್ಟೆಯಾ ಎಂದು ಕೇಳಿ, ಅಲ್ಲಾಹ್ ಒಬ್ಬನೇ ಇಚ್ಛಿಸಿದಂತೆ ಎನ್ನಲು ಕಲಿಸಿದರು. 'ಆಮೇಲೆ' ಅನ್ನಬಹುದು, 'ಜೊತೆಗೆ' ಅನ್ನಬಾರದು. ತೌಹೀದ್, ಅಂದರೆ ದೇವನೊಬ್ಬನೇ, ಅವನಿಗೆ ಸಮಾನರಿಲ್ಲ ಅನ್ನುವ ದೊಡ್ಡ ಪದವನ್ನು ಅಬ್ಬಾ ನನಗೆ ಕಲಿಸಿದ್ದು ಈ ಒಂದು 'ಆಮೇಲೆ'ಯಿಂದ.

ಅದಕ್ಕೆ ವಿರುದ್ಧವಾದದ್ದು ಶಿರ್ಕ್. ಮದುವೆಯಲ್ಲಿ ಶರೀಕ್ ಆಗಿ ಎಂದು ಕರೆಯುತ್ತೇವಲ್ಲ, ಅದೇ ಬೇರಿನ ಪದ. ಪಾಲು, ಪಾಲುದಾರ ಎಂದು ಅರ್ಥ. ದೇವನ ಪಾಲುದಾರನೆಂದರೆ ಕಲ್ಲಿನ ಮೂರ್ತಿಯೇ ಆಗಿರಬೇಕು ಎಂದೇನಿಲ್ಲ. ಕ್ರಿ.ಶ. 630ರಲ್ಲಿ ಮಕ್ಕಾ ಗೆದ್ದ ದಿನ ಕಾಬಾದ ಸುತ್ತ ಇದ್ದ 360 ವಿಗ್ರಹಗಳು ಹೋದವು. ಆದರೆ ಅದೇ ದಿನಗಳಲ್ಲಿ, ಹುನೈನ್ ಕಡೆಗೆ ಹೊರಟಿದ್ದ ದಂಡಿನಲ್ಲಿ ಹೊಸದಾಗಿ ಇಸ್ಲಾಮಿಗೆ ಬಂದಿದ್ದ ಕೆಲವರು ದಾರಿಯಲ್ಲಿ ಒಂದು ಮರ ನೋಡಿ ಆಸೆಪಟ್ಟರು. ಬಹುದೇವಾರಾಧಕರು ಶುಭವಾಗಲೆಂದು ಆಯುಧ ತೂಗುಹಾಕುವ ಮರ ಒಂದಿತ್ತು, ನಮಗೂ ಅಂಥದ್ದೊಂದು ಬೇಕು ಎಂದು ಕೇಳಿದರು. ಪ್ರವಾದಿಯವರು ಅವರನ್ನು ತಿದ್ದಿದರು. ಕಾಬಾ ಖಾಲಿಯಾದರೂ ಮನಸ್ಸು ಖಾಲಿಯಾಗಲು ಹೊತ್ತು ಹಿಡಿಯುತ್ತದೆ ಎಂದು ನನಗೆ ಅರ್ಥವಾದದ್ದು ಈ ಕಥೆಯಿಂದ.

ನಮ್ಮ ಮನೆಯಲ್ಲಿ ಆ ಮರ ಒಂದು ಕಪ್ಪು ದಾರದ ರೂಪದಲ್ಲಿತ್ತು. ನನಗೆ ಜ್ವರ ಬಂದು ಬಿಟ್ಟು ಮಾಡುತ್ತಿದ್ದಾಗ ದಾದಿ, ಅಂದರೆ ಅಬ್ಬಾರ ಅಮ್ಮ, ಎಲ್ಲಿಂದಲೋ ತಂದು ಮೊಣಕೈ ಮೇಲೆ ಬಿಗಿಯಾಗಿ ಕಟ್ಟಿದ್ದರು. ಏಳು ಗಂಟು. ಕೆಳಗೆ ಚರ್ಮ ಬೆಳ್ಳಗಾಗಿತ್ತು. ಸ್ನಾನಕ್ಕೆ ಬಿಚ್ಚಿದರೆ ದಾದಿಯ ಮುಖ ಬಾಡುತ್ತಿತ್ತು. ದೃಷ್ಟಿ ತಾಗುತ್ತದೆ ಎಂಬುದನ್ನು ನಮ್ಮ ಧರ್ಮ ಅಲ್ಲಗಳೆಯುವುದಿಲ್ಲ. ಕುರ್‌ಆನಿನ ವಾಕ್ಯ ಬರೆದ ತಾಯಿತ ಕಟ್ಟಬಹುದೋ ಬಾರದೋ ಎಂಬ ಬಗ್ಗೆ ಹಿಂದಿನಿಂದಲೂ ವಿದ್ವಾಂಸರಲ್ಲಿ ಎರಡು ಮಾತಿವೆ. ಆದರೆ ಬರಿಯ ದಾರ, ಗಂಟು, ಕವಡೆ ಇವು ಕಾಯುತ್ತವೆ ಎಂಬ ನಂಬಿಕೆಗೆ ಅಲ್ಲಿ ಜಾಗವಿಲ್ಲ.

ಅಬ್ಬಾ ದಾರವನ್ನು ಕಿತ್ತೆಸೆಯಲಿಲ್ಲ. ತಮ್ಮ ಅಮ್ಮನ ಮುಂದೆ ದನಿ ಏರಿಸಿದವರಲ್ಲ ಅವರು. ರಾತ್ರಿ ಊಟವಾದ ಮೇಲೆ ಗ್ರಹಣದ ಕಥೆ ತೆಗೆದರು. 632ರಲ್ಲಿ ಮದೀನಾದಲ್ಲಿ ಪ್ರವಾದಿಯವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣ ಹಿಡಿಯಿತು. ಮಗುವಿಗಾಗಿ ಸೂರ್ಯನೂ ದುಃಖಿಸುತ್ತಿದ್ದಾನೆ ಎಂದು ಜನ ಮಾತಾಡಿಕೊಂಡರು. ಮಗನನ್ನು ಮಣ್ಣು ಮಾಡಿದ ತಂದೆ ಸುಮ್ಮನಿದ್ದಿದ್ದರೂ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವರು ದೀರ್ಘ ನಮಾಜ್ ಮಾಡಿ, ಸೂರ್ಯ ಚಂದ್ರರು ಅಲ್ಲಾಹನ ಕುರುಹುಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ಹೇಳಿದರು. ಅಬ್ಬಾರ ದನಿ ಇಲ್ಲಿ ಗದ್ಗದವಾಯಿತು. ದಾದಿ ಏನೂ ಅನ್ನಲಿಲ್ಲ. ಎಲೆಅಡಿಕೆ ತಟ್ಟೆಯಿಂದ ಅಡಕೊತ್ತು ತೆಗೆದುಕೊಂಡು, ನನ್ನ ತೋಳು ಹಿಡಿದು, ದಾರ ಕತ್ತರಿಸಿದರು.

ಆಮೇಲೆ ಪ್ರತಿ ರಾತ್ರಿ ಅವರು ಕುರ್‌ಆನಿನ ಕೊನೆಯ ಮೂರು ಚಿಕ್ಕ ಅಧ್ಯಾಯಗಳನ್ನು ಓದಿ, ಬೊಗಸೆಗೆ ಊದಿಕೊಂಡು, ನನ್ನ ತಲೆಯಿಂದ ಪಾದದವರೆಗೆ ಸವರುತ್ತಿದ್ದರು. ಇದು ಪ್ರವಾದಿಯವರೇ ಮಲಗುವ ಮುನ್ನ ಮಾಡುತ್ತಿದ್ದದ್ದು. ದಾರ ಹೋದ ಜಾಗಕ್ಕೆ ದಾದಿಯ ಒರಟು ಅಂಗೈ ಬಂತು. ನನಗೇನೂ ನಷ್ಟವಾಗಲಿಲ್ಲ.

ದಾದಿ ತೀರಿಕೊಂಡಾಗ ಜನಾಜಾ ನಮಾಜಿನಲ್ಲಿ, ಅಂದರೆ ಸತ್ತವರಿಗಾಗಿ ಮಾಡುವ ನಮಾಜಿನಲ್ಲಿ, ಮೊದಲ ಸಾಲಿನಲ್ಲಿ ನಿಂತಿದ್ದೆ. ದಿನದ ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ 17 ರಕಾತ್ (ಆವರ್ತ), ನೆಲಕ್ಕೆ ಹಣೆ ಹಚ್ಚುವ 34 ಸಜ್ದಾ. ಜನಾಜಾ ನಮಾಜಿನಲ್ಲಿ ಮಾತ್ರ ಒಂದು ಸಜ್ದಾವೂ ಇಲ್ಲ, ಸೊಂಟ ಬಾಗಿಸುವ ರುಕೂ ಕೂಡ ಇಲ್ಲ. ನಿಂತೇ ನಾಲ್ಕು ಸಲ 'ಅಲ್ಲಾಹು ಅಕ್ಬರ್', ಕೊನೆಗೆ ಸಲಾಮ್, ಮುಗಿಯಿತು. ಎದುರಿಗೆ ದೇಹ ಇರುವಾಗ ಬಾಗಿದರೆ ಅದಕ್ಕೇ ಬಾಗಿದಂತೆ ಆದೀತು ಎಂದು ಹಿರಿಯರು ಕಾರಣ ಹೇಳುತ್ತಾರೆ. ಅಷ್ಟು ಪ್ರೀತಿಸಿದ ದಾದಿ ಎದುರಿಗೇ ಮಲಗಿದ್ದರು. ಬಾಗಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ನೆಟ್ಟಗೆ ನಿಂತೆ.

ದಾರ, ಮರ ಇವಾದರೂ ಕಣ್ಣಿಗೆ ಕಾಣುತ್ತವೆ. ತೋರಿಕೆಗೆ ಮಾಡುವ ಆರಾಧನೆ ಕಾಣುವುದಿಲ್ಲ. ಅದನ್ನು ರಿಯಾ ಎನ್ನುತ್ತಾರೆ; ಪ್ರವಾದಿಯವರು ಅದನ್ನು ಚಿಕ್ಕ ಶಿರ್ಕ್ ಎಂದು ಕರೆದು, ತಮ್ಮ ಸಮುದಾಯದ ಬಗ್ಗೆ ಅದಕ್ಕೇ ಹೆಚ್ಚು ಹೆದರಿದ್ದರು. ಮಸೀದಿಗೆ ಫ್ಯಾನ್ ಕೊಟ್ಟು ರೆಕ್ಕೆಯ ಮೇಲೆ ಹೆಸರು ಬರೆಸುವುದು, ಉಮ್ರಾ ಯಾತ್ರೆಗೆ ಹೋಗಿ ಕಾಬಾಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದು: ಇವುಗಳ ಮುಂದೆ ನನ್ನ ದಾದಿಯ ದಾರ ತೀರಾ ಮುಗ್ಧವಾದದ್ದು ಅನ್ನಿಸುತ್ತದೆ. ಆಕೆ ಹೆದರಿ ಕಟ್ಟಿದ್ದರು. ನಾವು ಹೊಗಳಿಕೆಯನ್ನೇ ಪಾಲುದಾರನಾಗಿ ಕೂರಿಸಿಕೊಳ್ಳುತ್ತೇವೆ.

ಇನ್ನೊಂದು ಮಾತು. ತೌಹೀದಿನ ಹೆಸರಲ್ಲಿ ಅಕ್ಕಪಕ್ಕದವರ ಪೂಜೆಯನ್ನು ಹೀಯಾಳಿಸುವವರನ್ನು ಕಂಡಿದ್ದೇನೆ. ಬೇರೆಯವರು ಮೊರೆಯಿಡುವ ದೇವರುಗಳನ್ನು ಬೈಯಬೇಡಿ ಎಂದು ಕುರ್‌ಆನ್ ಸ್ಪಷ್ಟವಾಗಿ ತಡೆದಿದೆ, ಆರನೆಯ ಅಧ್ಯಾಯದಲ್ಲಿ. ಶಿರ್ಕನ್ನು ಹುಡುಕಬೇಕಾದದ್ದು ನನ್ನ ತೋಳಿನಲ್ಲಿ, ನನ್ನ ನಾಲಿಗೆಯಲ್ಲಿ. ಪಕ್ಕದ ಮನೆಯ ದೇವರ ಕೋಣೆಯಲ್ಲಿ ಅಲ್ಲ.

ಅಣ್ಣ ಈಗ ಓಡಾಡಿಕೊಂಡಿದ್ದಾನೆ. ಡಿಸ್ಚಾರ್ಜ್ ದಿನ ಡಾಕ್ಟರ ಕೈ ಹಿಡಿದು, "ಅಲ್ಲಾಹನ ದಯೆ, ಆಮೇಲೆ ನಿಮ್ಮ ಕೈಗುಣ" ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ನಿಮ್ಮ ಮನೆಯಲ್ಲೂ ಮಕ್ಕಳಿಗೆ ಆ 'ಆಮೇಲೆ'ಯನ್ನು ಈಗಲೇ ರೂಢಿ ಮಾಡಿಸಿ.