ಕೈಲ್‌ಪೊಳ್ದಿಗೆ ಮುಂಚೆ ತೋಟಾ ಡಬ್ಬ ಒಮ್ಮೆ ನೋಡಿ

ಸೆಪ್ಟೆಂಬರ್ 3 ಹತ್ರ ಬಂತು ಅಂದ್ರೆ ನಮಗೆ ಕಡಂಬುಟ್ಟಿನ ತರಿ, ಪಂದಿಕರಿಯ ಕಾಚಂಪುಳಿ ಇದೇ ಲೆಕ್ಕ. ಕೋವಿ ಗಂಡಸರ ಖಾತೆ ಅಂತ ಬಿಟ್ಟುಬಿಡ್ತೇವೆ. ಆದ್ರೆ ಬೀರು ಕೀ ಯಾರ ಹತ್ರ ಇರುದು, ಹೇಳಿ? ಮಳೆಗಾಲ ಪೂರ್ತಿ ತೋಟಾ ಎಲ್ಲಿ ಕೂತಿತ್ತು ಅಂತ ಗೊತ್ತಿರುದೂ ನಮಗೇ.

ಅಜ್ಜನ ಕಾಲದ ಜೋಡು ನಳಿಗೆ ಕೋವಿ ಕೈಕೊಟ್ರೆ ಎಲ್ಲರೂ ಕೋವಿಯನ್ನೇ ಬೈಯುದು. ಎಷ್ಟೋ ಸಲ ತಪ್ಪು ತೋಟಾದ್ದು. ಹಳೇ ಕಾಗದದ ತೋಟಾ ನಮ್ಮ ಥಂಡಿಗೆ ಊದಿಕೊಳ್ತದೆ, ನಳಿಗೆಯೊಳಗೆ ಹೋಗುದಿಲ್ಲ. ಒತ್ತಿ ತುಂಬಿದ್ರೆ ಹೊಡೆದ ಮೇಲೆ ಹೊರಗೆ ಬರುದಿಲ್ಲ. ಪ್ಲಾಸ್ಟಿಕ್‌ದು ಊದುದಿಲ್ಲ, ಆದ್ರೆ ಅದರ ತಳಕ್ಕೆ ಕಿಲುಬು ಹಿಡೀತದೆ. ಹುಣಸೆಹುಳಿ ಹಾಕಿ ಉಜ್ಜಲಿಕ್ಕೆ ಅದೇನು ಚೊಂಬಲ್ಲ, ಬೇರೆ ತೆಗೆದಿಡಿ. ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರ್ತದೆ ಅಂತ ಇಡುದೂ ಬೇಡ, ಶಾಖಕ್ಕೆ ಮದ್ದು ಕೆಡ್ತದೆ. ಬಿಗಿ ಮುಚ್ಚಳದ ಡಬ್ಬ, ಒಳಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಆ ಸಿಲಿಕಾ ಪೊಟ್ಟಣ, ಡಬ್ಬಕ್ಕೆ ಬೀಗ, ಅಷ್ಟೇ. ಇನ್ನು ಎಣ್ಣೆ. ಪೂಜೆಗೆ ಹೊಳೀಲಿ ಅಂತ ಇವರು ಧಾರಾಳ ಹಚ್ತಾರೆ. ಅದು ಇಳಿದು ಕೇಪಿಗೆ ತಾಗಿದ್ರೆ ಕೇಪು ಸತ್ತ ಹಾಗೇ.

ನನಗೆ ಹೆದರಿಕೆ ಇರುದು ತೆಂಗಿನಕಾಯಿಗೆ ಗುಂಡು ಹೊಡೆಯುವ ಜಾಗದಲ್ಲಿ. "ಟಿಕ್" ಅಂತದೆ, ಗುಂಡು ಹೋಗುದಿಲ್ಲ. ಹುಡುಗರು ತಕ್ಷಣ ಕೋವಿ ಮಡಚಿ ನೋಡ್ತಾರೆ, ಸುತ್ತ ಮಕ್ಕಳು. ಕೇಪು ನಿಧಾನಕ್ಕೆ ಹೊತ್ತಿ ಮದ್ದು ತಡವಾಗಿ ಸಿಡಿಯುದೂ ಉಂಟು. ಗುರಿ ಕಡೆಗೇ ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಆಮೇಲೆ ತೆಗೆದು ಕೇಪು ನೋಡಿ: ಪಿನ್ನಿನ ಗುಳಿ ಆಳ ಇದ್ರೆ ತೋಟಾ ಕೆಟ್ಟದ್ದು. ಗುಳಿ ಮೇಲೆ ಮೇಲೆ ಇದ್ದು, ಒಂದೇ ನಳಿಗೆಯಲ್ಲಿ ಹಾಗಾಗ್ತಾ ಇದ್ರೆ ಸ್ಪ್ರಿಂಗೋ ಪಿನ್ನೋ ಸವೆದಿದೆ, ರಿಪೇರಿಗೆ ಕಳಿಸಿ.

"ಟಿಕ್"ಗಿಂತ ಕೆಟ್ಟದ್ದು "ಪುಸ್". ಶಬ್ದ ಸಣ್ಣ ಆಯ್ತು ಅಂದ್ರೆ ಮದ್ದಿಗೂ ಚರೆಗೂ ನಡುವಿನ ಬಿಲ್ಲೆ ನಳಿಗೆಯಲ್ಲೇ ಸಿಕ್ಕಿರಬಹುದು. ಅದೇ ನಳಿಗೆಗೆ ಇನ್ನೊಂದು ತುಂಬಿ ಹೊಡೆದ್ರೆ ನಳಿಗೆ ಒಡೀತದೆ, ಎಡಗೈ ಇರುದೇ ಅಲ್ಲಿ. ಎರಡೂ ತೋಟಾ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು ನೋಡ್ಲೇಬೇಕು. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ರೆ ಅದರ ತೋಟಾವನ್ನು 12 ಬೋರಿನದ್ದರ ಜೊತೆ ಯಾವತ್ತೂ ಇಡ್ಬೇಡಿ. ಅದು ಜಾರಿ ಮುಂದೆ ಹೋಗಿ ಕೂರ್ತದೆ, ನಳಿಗೆ ಖಾಲಿ ಅಂದ್ಕೊಂಡು ಹಿಂದೆ 12ರದ್ದು ತುಂಬ್ತಾರೆ. 20ರದ್ದು ಸಾಮಾನ್ಯವಾಗಿ ಹಳದಿ ಬಣ್ಣ ಇರುದೇ ಈ ಕಾರಣಕ್ಕೆ.

ಹಳೇ ಇಂಗ್ಲಿಷ್ ಕೋವಿಗಳಲ್ಲಿ ತುಂಬ 2½ ಇಂಚಿನವು. ಈಗ ಅಂಗಡಿಯಲ್ಲಿ ಸಿಗುವ 2¾ ಇಂಚಿನದ್ದೂ ಅದರೊಳಗೆ ಸಲೀಸಾಗಿ ಕೂರ್ತದೆ, ಮೋಸ ಇರುದೇ ಅಲ್ಲಿ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲಿಕ್ಕೆ ಜಾಗ ಸಾಲದೆ ಒತ್ತಡ ಏರ್ತದೆ. ನಳಿಗೆ ಮೇಲೆ ಜಡೆ ಹೆಣೆದ ಹಾಗೆ ಗೆರೆ ಇದ್ರೆ ಅದು ಡಮಾಸ್ಕಸ್, ಹೆಚ್ಚಿನವು ಕಪ್ಪು ಮದ್ದಿನ ಕಾಲದವು. ಅದಕ್ಕೆ ತೋಕ್ ಪೂ ಮುಡಿಸಿ ಪೂಜೆ ಮಾಡಿ, ಸಾಕು.

ಬೇರೆ ತೆಗೆದಿಟ್ಟ ಕೆಟ್ಟ ತೋಟಾವನ್ನು ಒಲೆಗೆ ಹಾಕುದು, ತೋಟದಲ್ಲಿ ಹೂಳುದು ಬೇಡ. ಕೋವಿ ಅಂಗಡಿಯವರನ್ನೋ ಸ್ಟೇಷನ್‌ನಲ್ಲೋ ಮೊದಲು ಕೇಳಿ, ಅವರು ಹೇಳಿದ ಹಾಗೆ ಒಪ್ಪಿಸಿ ಬನ್ನಿ.